ಮಖಮಲ್ಲಿನ ಹುಡುಗ

ಮಾಡುವುದಕ್ಕಿಂತ ಆಡುವುದೇ ಹೆಚ್ಚಾದ ಹುಡುಗನನ್ನು ಕಂಡರೆ ನಮ್ಮ ಹಿರಿಯರು ‘ಉತ್ತರಕುಮಾರ’ ಎನ್ನುತ್ತಾರೆ. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆಯಂತೂ ಮಹಾಭಾರತವನ್ನು ಎಂದೂ ತೆರೆದು ನೋಡದವರ ಬಾಯಲ್ಲೂ ಇದೆ. ವಿರಾಟನ ಅರಮನೆಯಲ್ಲಿ ಹೆಂಗಳೆಯರ ನಡುವೆ ಕುಳಿತು ಕೌರವಸೇನೆಯನ್ನು ಬಾಯಿಯಿಂದಲೇ ಗೆದ್ದು, ಆ ಸೇನೆ ಕಣ್ಣಿಗೆ ಬಿದ್ದೊಡನೆ ರಥದಿಂದ ಧುಮುಕಿ ಓಡಿದ ರಾಜಕುಮಾರನನ್ನು ಕುಮಾರವ್ಯಾಸ ನಮ್ಮ ಕಣ್ಣ ಮುಂದೆ ನಿಲ್ಲಿಸಿಬಿಟ್ಟಿದ್ದಾನೆ. ಇದೇ ಉತ್ತರ ಕುರುಕ್ಷೇತ್ರದಲ್ಲಿ ಮೊದಲನೆಯ ದಿನವೇ ಶಲ್ಯನೊಡನೆ ಕಾದಾಡಿ ಮಡಿದನೆಂಬುದು ಮಾತ್ರ ಗಾದೆಗೆ ತಿಳಿಯದು. ಓಡಿದವನು ಜನರ ನೆನಪಿನಲ್ಲಿ ಉಳಿದ. ನಿಂತು ಸತ್ತವನು ಗ್ರಂಥದಲ್ಲಿಯೇ ಉಳಿದ.

ಇಂಗ್ಲಿಷ್ ಭಾಷೆಯಲ್ಲಿ ಇಂಥದೇ ಗತಿಯನ್ನು ಕಂಡ ಹುಡುಗನೊಬ್ಬನಿದ್ದಾನೆ. ಅವನ ಹೆಸರು ಫಾಂಟ್ಲೆರಾಯ್. ಕಾಲೇಜಿನಲ್ಲಿ ಓದುತ್ತಿದ್ದಾಗ ಯಾವುದೋ ಇಂಗ್ಲಿಷ್ ಕಾದಂಬರಿಯಲ್ಲಿ ಒಬ್ಬಾತ ಇನ್ನೊಬ್ಬನನ್ನು ಈ ಹೆಸರಿನಿಂದ ಹಂಗಿಸಿದ್ದನ್ನು ಓದಿ, ನಿಘಂಟಿನಲ್ಲಿ ಹುಡುಕಿದೆ. ಅತಿಯಾದ ಮುದ್ದಿನಿಂದ ಕೆಟ್ಟ, ಸೊಗಸುಗಾರ ಉಡುಪಿನ, ವಿಪರೀತ ನಯವಿನಯದ ಹುಡುಗ ಎಂಬರ್ಥದ ವಿವರಣೆ ಅಲ್ಲಿತ್ತು. ಒಂದು ಮಕ್ಕಳ ಕಥೆಯ ನಾಯಕನಿಂದ ಬಂದ ಮಾತು ಎಂದೂ ಇತ್ತು. ನಾನು ನಿಘಂಟನ್ನು ನಂಬಿದೆ. ನಂಬದಿರಲು ಕಾರಣವೇನಿತ್ತು? ಬಹಳ ವರ್ಷಗಳ ಮೇಲೆ ಗ್ರಂಥಾಲಯದ ಕಪಾಟೊಂದರಲ್ಲಿ ಆ ಪುಸ್ತಕವೇ ಕೈಗೆ ಸಿಕ್ಕಿತು. ಮುದ್ದಿನಿಂದ ಕೆಟ್ಟ ಹುಡುಗನನ್ನು ನೋಡೋಣವೆಂದು ಒಂದೇ ರಾತ್ರಿ ಕುಳಿತು ಓದಿ ಮುಗಿಸಿದೆ. ಕೊನೆಯ ಪುಟದವರೆಗೂ ಅವನು ಸಿಕ್ಕಲಿಲ್ಲ. ನಿಘಂಟಿನ ಹುಡುಗ ಬೇರೆ, ಪುಸ್ತಕದ ಹುಡುಗ ಬೇರೆ. ಇವರಿಬ್ಬರೂ ಹೇಗೆ ಅಗಲಿದರು ಎಂಬ ಕುತೂಹಲ ಅಂದು ಹುಟ್ಟಿತು.

ಪುಸ್ತಕದ ಹೆಸರು ‘ಲಿಟಲ್ ಲಾರ್ಡ್ ಫಾಂಟ್ಲೆರಾಯ್’. ಬರೆದಾಕೆ ಫ್ರಾನ್ಸಿಸ್ ಹಾಜ್ಸನ್ ಬರ್ನೆಟ್. ಆಕೆ ಹುಟ್ಟಿದ್ದು 1849ರಲ್ಲಿ, ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ. ತಂದೆ ತೀರಿಕೊಂಡು ಸಂಸಾರ ಕಷ್ಟಕ್ಕೆ ಬಿದ್ದಾಗ, 1865ರಲ್ಲಿ ತಾಯಿ ಮಕ್ಕಳನ್ನು ಕಟ್ಟಿಕೊಂಡು ಅಮೆರಿಕದ ಟೆನೆಸಿಗೆ ಹೋದಳು. ಹುಡುಗಿ ಹದಿಹರೆಯದಲ್ಲಿಯೇ ಮಾಸಪತ್ರಿಕೆಗಳಿಗೆ ಕಥೆ ಬರೆದು ಹಣ ಸಂಪಾದಿಸತೊಡಗಿದಳು. 1873ರಲ್ಲಿ ಸ್ವಾನ್ ಬರ್ನೆಟ್ ಎಂಬ ವೈದ್ಯರನ್ನು ಮದುವೆಯಾದಳು. ಲಯನೆಲ್, ವಿವಿಯನ್ ಎಂಬ ಇಬ್ಬರು ಗಂಡುಮಕ್ಕಳಾದರು. ಸಂಸಾರ ವಾಷಿಂಗ್ಟನ್ನಿನಲ್ಲಿ ನೆಲೆಸಿತು. ಈ ಮಕ್ಕಳಿಗೆ ತಾಯಿಯೇ ಕುಳಿತು ಮಖಮಲ್ಲಿನ ಉಡುಪು ಹೊಲಿಯುತ್ತಿದ್ದಳು. ಗುಂಗುರು ಕೂದಲನ್ನು ಉದ್ದವಾಗಿ ಬಿಟ್ಟು ಬಾಚುತ್ತಿದ್ದಳು. ಹಣಕ್ಕಾಗಿ ಹಗಲಿರುಳು ಬರೆಯುತ್ತಿದ್ದ ಹೆಂಗಸಿಗೆ ಅದೊಂದು ಸುಖವಾಗಿದ್ದಿರಬೇಕು.

ಕಿರಿಯ ಮಗ ವಿವಿಯನ್ ಮಾತಿನ ಮಲ್ಲ. ಅಮೆರಿಕದ ಪ್ರಜಾರಾಜ್ಯದಲ್ಲಿ ಅವನಿಗೆ ಅಪಾರವಾದ ನಿಷ್ಠೆ. ಈ ಪುಟ್ಟ ಅಮೆರಿಕನ್ನನನ್ನು ಇಂಗ್ಲೆಂಡಿನ ಒಬ್ಬ ಗರ್ವಿಷ್ಠ ಶ್ರೀಮಂತನ ಎದುರಿಗೆ ತಂದು ನಿಲ್ಲಿಸಿದರೆ ಹೇಗಿದ್ದೀತು ಎಂದು ತಾಯಿಗೆ ಹೊಳೆಯಿತು. ಮುಂದೆ 1894ರಲ್ಲಿ ಪ್ರಕಟವಾದ ಒಂದು ಪ್ರಬಂಧದಲ್ಲಿ ಆಕೆಯೇ ಇದನ್ನು ಹೇಳಿಕೊಂಡಿದ್ದಾಳೆ. ಕಥೆ 1885ರ ನವೆಂಬರಿನಿಂದ ‘ಸೇಂಟ್ ನಿಕೊಲಸ್’ ಎಂಬ ಅಮೆರಿಕದ ಮಕ್ಕಳ ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು, 1886ರಲ್ಲಿ ಪುಸ್ತಕವಾಯಿತು.

ಹೆಸರಿನ ವಿಷಯವಾಗಿ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಫಾಂಟ್ಲೆರಾಯ್ ಎಂಬುದು ಆಕೆ ಕಟ್ಟಿದ ಹೆಸರಲ್ಲ. ಹಳೆಯ ಫ್ರೆಂಚಿನಿಂದ ಬಂದ ಮನೆತನದ ಹೆಸರು; ರಾಜನ ಕೂಸು ಎಂದು ಅದರ ಅರ್ಥ. ಆದರೆ ಈ ಕಥೆಗೆ ಮುಂಚೆ ಇಂಗ್ಲೆಂಡಿನಲ್ಲಿ ಆ ಹೆಸರನ್ನು ಹೊತ್ತು ಪ್ರಸಿದ್ಧನಾಗಿದ್ದವನು ಹೆನ್ರಿ ಫಾಂಟ್ಲೆರಾಯ್ ಎಂಬ ಲಂಡನ್ನಿನ ಬ್ಯಾಂಕಿನ ಪಾಲುದಾರ. ಸುಳ್ಳು ಸಹಿ ಹಾಕಿ ಗಿರಾಕಿಗಳ ಹಣವನ್ನು ನುಂಗಿದ್ದಕ್ಕಾಗಿ 1824ರಲ್ಲಿ ಅವನನ್ನು ಗಲ್ಲಿಗೇರಿಸಿದರು. ಒಬ್ಬ ಮೋಸಗಾರನಿಂದ ಕೆಟ್ಟಿದ್ದ ಹೆಸರನ್ನು ಒಬ್ಬ ನಿಷ್ಕಪಟಿ ಬಾಲಕ ತೊಳೆದುಕೊಟ್ಟ. ಪ್ರತಿಫಲವಾಗಿ ಅವನಿಗೆ ಸಿಕ್ಕಿದ್ದೇನೆಂಬುದನ್ನು ಮುಂದೆ ನೋಡೋಣ.

ಕಥೆ ಸರಳವಾದದ್ದು. ಸೆಡ್ರಿಕ್ ಎರಲ್ ಎಂಬ ಏಳು ವರ್ಷದ ಹುಡುಗ ತನ್ನ ವಿಧವೆ ತಾಯಿಯೊಡನೆ ನ್ಯೂಯಾರ್ಕಿನ ಒಂದು ಸಾಧಾರಣ ಬೀದಿಯಲ್ಲಿದ್ದಾನೆ. ಅವನ ಪ್ರಾಣಸ್ನೇಹಿತರು ಇಬ್ಬರು: ಮೂಲೆಯ ದಿನಸಿ ಅಂಗಡಿಯ ಹಾಬ್ಸ್, ಬೂಟು ಪಾಲಿಶ್ ಮಾಡುವ ಡಿಕ್. ಹಾಬ್ಸನಿಗೆ ರಾಜರೆಂದರೆ, ಸರದಾರರೆಂದರೆ ಮೈಯೆಲ್ಲ ಉರಿ. ಅಂಥವರಲ್ಲಿ ಒಬ್ಬನೂ ತನ್ನ ಅಂಗಡಿಯ ಬಿಸ್ಕತ್ತಿನ ಪೀಪಾಯಿಯ ಮೇಲೆ ಕೂರಕೂಡದೆಂದು ಅವನ ಪಣ. ಹೀಗಿರುವಲ್ಲಿ ಹ್ಯಾವಿಷಾಮ್ ಎಂಬ ವಕೀಲ ಇಂಗ್ಲೆಂಡಿನಿಂದ ಬಂದು, ಈ ಹುಡುಗನೇ ಡೋರಿನ್‌ಕೋರ್ಟಿನ ಅರ್ಲ್ ಎಂಬ ಮಹಾಶ್ರೀಮಂತನ ಮೊಮ್ಮಗ, ಇನ್ನು ಮುಂದೆ ಇವನೇ ಉತ್ತರಾಧಿಕಾರಿ, ಇವನ ಬಿರುದು ಲಾರ್ಡ್ ಫಾಂಟ್ಲೆರಾಯ್ ಎಂದು ತಿಳಿಸುತ್ತಾನೆ. ಹುಡುಗನಿಗೆ ಮೊದಲು ಆಗುವುದು ಸಂಕೋಚ. ಹಾಬ್ಸನ ಅಂಗಡಿಗೆ ಹೋಗಿ, ಅಂಥವನೊಬ್ಬ ಈಗ ನಿಮ್ಮ ಪೆಟ್ಟಿಗೆಯ ಮೇಲೆಯೇ ಕುಳಿತಿದ್ದಾನೆಂದು ತಪ್ಪೊಪ್ಪಿಕೊಳ್ಳುತ್ತಾನೆ.

ಈ ಹುಡುಗ ಬೀದಿಯ ಓಟದ ಪಂದ್ಯದಲ್ಲಿ ಗೆಲ್ಲುತ್ತಾನೆ, ಸೋತವನನ್ನು ಸಮಾಧಾನಪಡಿಸುತ್ತಾನೆ. ನಿನಗೆ ಬೇಕಾದ್ದನ್ನು ಕೊಂಡುಕೋ ಎಂದು ಅಜ್ಜ ಕಳಿಸಿದ ಹಣದಲ್ಲಿ, ಸೇಬು ಮಾರುವ ಮುದುಕಿಗೂ ಕೀಲುನೋವಿನಿಂದ ಕೆಲಸ ಬಿಟ್ಟು ಮಲಗಿದ್ದ ಬಡವನ ಮನೆಗೂ ನೆರವಾಗುತ್ತಾನೆ. ಡಿಕ್ಕನ ತಂಟೆಕೋರ ಪಾಲುದಾರನಿಗೆ ದುಡ್ಡು ಕೊಟ್ಟು ಸ್ನೇಹಿತನನ್ನು ಬಿಡಿಸುತ್ತಾನೆ. ಇಂಗ್ಲೆಂಡಿನಲ್ಲಿ ಅಜ್ಜ ಕಡು ಕೋಪಿಷ್ಠ. ಕೀಲುವಾತದಿಂದ ನರಳುವ, ಯಾರನ್ನೂ ಪ್ರೀತಿಸದ ಮುದುಕ. ಅಮೆರಿಕದವಳೆಂಬ ಒಂದೇ ಕಾರಣಕ್ಕೆ ಸೊಸೆಯನ್ನು ತನ್ನ ಮನೆಯ ಹೊಸ್ತಿಲು ತುಳಿಯಗೊಡದೆ ಬೇರೆ ಮನೆಯಲ್ಲಿ ಇರಿಸುತ್ತಾನೆ. ಆದರೆ ಅಜ್ಜ ಬಹು ಒಳ್ಳೆಯವನೆಂದು ಹುಡುಗನ ದೃಢವಾದ ನಂಬಿಕೆ. ಆ ನಂಬಿಕೆಯನ್ನು ಸುಳ್ಳಾಗಿಸಲು ಧೈರ್ಯ ಸಾಲದೆ ಮುದುಕ ಒಳ್ಳೆಯವನಾಗುತ್ತ ಹೋಗುತ್ತಾನೆ. ಒಕ್ಕಲುಗಳು ರೋಗದಲ್ಲಿ ನವೆಯುತ್ತಿದ್ದ ಮುರುಕು ಗುಡಿಸಲುಗಳನ್ನು ಕೆಡವಿಸಿ ಹೊಸ ಮನೆ ಕಟ್ಟಿಸಿಕೊಡುತ್ತಾನೆ. ಇದರಲ್ಲಿ ಮುದ್ದಿನಿಂದ ಕೆಟ್ಟವರು ಯಾರು? ಕೆಟ್ಟಿದ್ದರೆ ಆ ಮುದುಕ ಕೆಟ್ಟಿದ್ದ. ಅವನನ್ನು ಯಾರೂ ಎದುರಾಡಿರಲಿಲ್ಲ. ಲೇಖಕಿ ಸೆಡ್ರಿಕ್ಕನಿಗೆ ಮತ್ತೆ ಮತ್ತೆ ಬಳಸುವ ವಿಶೇಷಣವಂತೂ ‘ಗಂಡುತನದ’ ಎಂಬರ್ಥದ ಮಾತು!

ಹಾಗೆಂದು ಈ ಪುಸ್ತಕದಲ್ಲಿ ಸಕ್ಕರೆ ಕಡಮೆಯೆಂದು ನಾನು ವಾದಿಸುವುದಿಲ್ಲ. ಹುಡುಗ ಒಮ್ಮೆಯಾದರೂ ಸುಳ್ಳಾಡುವುದಿಲ್ಲ, ಹಟ ಹಿಡಿಯುವುದಿಲ್ಲ, ಮಸಿಕುಡಿಕೆಯನ್ನು ಚೆಲ್ಲುವುದಿಲ್ಲ. ತಾಯಿಯನ್ನು ‘ಡಿಯರೆಸ್ಟ್’ ಎಂದು ಕರೆಯುತ್ತಾನೆ. ಸತ್ತ ತಂದೆ ಹಾಗೆ ಕರೆಯುತ್ತಿದ್ದುದನ್ನು ಕೇಳಿ ಕಲಿತದ್ದು ಅದು. ಕಥೆಯಲ್ಲಿ ಅದು ಕರುಣೆಯ ವಿಷಯವೇ. ಶಾಲೆಯ ಅಂಗಳದಲ್ಲಿ ಮಾತ್ರ ಹೇಳುವಂಥದಲ್ಲ. ತಪ್ಪೇ ಮಾಡದ ಹುಡುಗನನ್ನು ಕಂಡರೆ ಉಳಿದ ಹುಡುಗರಿಗೆ ಕೈ ತುರಿಸುವುದು ಸಹಜ. ಆದರೂ ಇಷ್ಟರಿಂದಲೇ ಒಂದು ಹೆಸರು ಬೈಗುಳವಾಗುವುದಿಲ್ಲ. ಸಾಧುಬಾಲಕರ ಕಥೆಗಳು ಆ ಕಾಲದಲ್ಲಿ ರಾಶಿ ರಾಶಿಯಾಗಿ ಬಂದಿದ್ದವು. ಆ ಸಾಧುಗಳ ಹೆಸರುಗಳೆಲ್ಲ ಅವರೊಡನೆಯೇ ಮರೆಯಾದವು.

ಮೂಲ ಎಲ್ಲಿದೆಯೆಂದರೆ, ಅಂಗಿಯಲ್ಲಿದೆ.

ಅಜ್ಜ ಮೊಮ್ಮಗನನ್ನು ಮೊದಲ ಸಲ ನೋಡುವ ಸಂದರ್ಭದಲ್ಲಿ ಲೇಖಕಿ ಒಂದೇ ಒಂದು ವಾಕ್ಯದಲ್ಲಿ ಹುಡುಗನ ಕಪ್ಪು ಮಖಮಲ್ಲಿನ ಉಡುಪು, ಲೇಸಿನ ಕಾಲರು, ಇಳಿಬಿದ್ದ ಗುಂಗುರು ಕೂದಲು ಇವನ್ನು ಹೇಳಿ ಮುಂದಕ್ಕೆ ಸಾಗಿಬಿಡುತ್ತಾಳೆ. ಆದರೆ ಕಥೆಗೆ ಚಿತ್ರ ಬರೆದ ರೆಜಿನಾಲ್ಡ್ ಬರ್ಚ್ ಎಂಬ ಕಲಾವಿದ ಆ ಒಂದು ವಾಕ್ಯದ ಮೇಲೆ ನಿಂತ. ತಾಯಿ ಅವನಿಗೆ ವಿವಿಯನ್ನನ ಭಾವಚಿತ್ರವನ್ನು ಕಳಿಸಿಕೊಟ್ಟಿದ್ದಳು. ಬರ್ಚನ ರೇಖೆಗಳಲ್ಲಿ ಹುಡುಗ ಹದಿನೇಳನೆಯ ಶತಮಾನದ ರಾಜಪುತ್ರನಂತೆ ಕಾಣಿಸಿಕೊಂಡ. ಚಿತ್ರಕಾರ ವ್ಯಾನ್ ಡೈಕ್ ಬರೆದ ರಾಜಕುಮಾರರು, ಗೇನ್ಸ್‌ಬರೊನ ನೀಲಿಯುಡುಪಿನ ಬಾಲಕ, ಇವರ ನೆರಳು ಅಲ್ಲಿದೆ. ಗಾಳಿಯೂ ಹಾಗಿತ್ತು. 1882ರಲ್ಲಿ ಆಸ್ಕರ್ ವೈಲ್ಡ್ ಮಖಮಲ್ಲಿನ ಮೊಣಕಾಲುದ್ದದ ಷರಾಯಿ ತೊಟ್ಟು ಅಮೆರಿಕದ ಊರೂರಿನಲ್ಲಿ ಸೌಂದರ್ಯದ ಮೇಲೆ ಉಪನ್ಯಾಸ ಮಾಡಿ ಹೋಗಿದ್ದ.

ಅಮೆರಿಕದ ತಾಯಂದಿರು ಈ ಚಿತ್ರಗಳನ್ನು ನೋಡಿದರು. ನೋಡಿ, ಕತ್ತರಿಯನ್ನು ಕೈಗೆ ತೆಗೆದುಕೊಂಡರು. ಮಖಮಲ್ಲಿನ ಮೋಟು ಕೋಟು, ಅದೇ ಬಟ್ಟೆಯ ಚಡ್ಡಿ, ಹೆಗಲನ್ನೆಲ್ಲ ಮುಚ್ಚುವಷ್ಟು ಅಗಲವಾದ ಲೇಸಿನ ಕಾಲರು, ಸೊಂಟಕ್ಕೆ ರೇಷ್ಮೆಯ ಪಟ್ಟಿ. ಹೊಲಿಯುವವರಿಗೆ ಕಾಗದದ ಅಳತೆಪಟಗಳು ಬಂದವು. ಹೊಲಿಯಲಾರದವರಿಗೆ ಅಂಗಡಿಗಳಲ್ಲಿ ಸಿದ್ಧ ಉಡುಪು ಬಂತು. ಕಥೆಯ ಹುಡುಗನ ಕೂದಲು ತಾನಾಗಿ ಗುಂಗುರಾಗಿತ್ತು. ಎಲ್ಲರ ಮಕ್ಕಳಿಗೂ ದೇವರು ಅಂಥ ಕೂದಲನ್ನು ಕೊಟ್ಟಿರುವುದಿಲ್ಲವಲ್ಲ! ರಾತ್ರಿ ಬಟ್ಟೆಯ ಚಿಂದಿಗಳನ್ನು ಕಟ್ಟಿ ಕೂದಲನ್ನು ಸುತ್ತಿಟ್ಟು, ಬೆಳಗ್ಗೆ ಬಿಚ್ಚಿ ಸುರುಳಿ ಮಾಡುತ್ತಿದ್ದರು. ಇಪ್ಪತ್ತು ವರ್ಷಗಳಷ್ಟು ಕಾಲ ಈ ಗೀಳು ನಡೆಯಿತು. ಆ ಕಾಲದ ಮನೆಮನೆಯ ಭಾವಚಿತ್ರಗಳಲ್ಲಿ ಮಖಮಲ್ಲಿನ ಹುಡುಗರು ಕ್ಯಾಮರಾವನ್ನು ದುರುಗುಟ್ಟಿಕೊಂಡು ನೋಡುತ್ತಿರುವುದನ್ನು ಇಂದಿಗೂ ಕಾಣಬಹುದು.

ಆ ನೋಟದ ಅರ್ಥ ನನಗೆ ಚೆನ್ನಾಗಿ ಗೊತ್ತು. ನಮ್ಮಲ್ಲಿಯೂ ಚೌಲಕ್ಕೆ ಮುಂಚೆ ಗಂಡುಮಗುವಿಗೆ ಲಂಗ ತೊಡಿಸಿ, ಮೊಗ್ಗಿನ ಜಡೆ ಹಾಕಿ, ಜಡೆ ಕಾಣುವಂತೆ ಹಿಂದೆ ಕನ್ನಡಿಯಿಟ್ಟು ಫೋಟೊ ತೆಗೆಸುವ ಪದ್ಧತಿ ಉಂಟಷ್ಟೆ. ನನ್ನದೂ ಅಂಥದೊಂದು ಫೋಟೊ ನಮ್ಮ ಮನೆಯ ನಡುಮನೆಯ ಗೋಡೆಯ ಮೇಲೆ ಬಹುಕಾಲ ತೂಗುತ್ತಿತ್ತು. ಅದರಲ್ಲಿನ ನನ್ನ ಚೆಲುವನ್ನು ಬಂಧುಗಳೆಲ್ಲ ಹೊಗಳುತ್ತಿದ್ದರು. ಸೋದರಮಾವನ ಮಕ್ಕಳು ಮಾತ್ರ ಹೈಸ್ಕೂಲು ಮುಗಿಯುವವರೆಗೂ ನನ್ನನ್ನು ‘ಲಕ್ಷ್ಮಮ್ಮ’ ಎಂದು ಕರೆದರು. ಅಮ್ಮನ ಕಣ್ಣಿಗೆ ಸೊಗಸಾದದ್ದು ಓರಗೆಯವರ ಕೈಗೆ ಆಯುಧವಾಗುತ್ತದೆಂಬುದು ನಾನು ಆಗಲೇ ಕಲಿತ ಪಾಠ. ನನ್ನದು ಒಂದು ಮಧ್ಯಾಹ್ನದ ಜಡೆ. ಆ ಹುಡುಗರು ಅದನ್ನು ತೊಟ್ಟುಕೊಂಡು ಬೀದಿಯಲ್ಲಿ ನಡೆಯಬೇಕಾಗಿತ್ತು.

ಅಟ್ಲಾಂಟಿಕ್ಕಿನ ಆಚೆಗೂ ಈ ಉಡುಪು ಹೋಯಿತು. ಮುಂದೆ ಹೆಸರಾಂತ ಕಾದಂಬರಿಕಾರನಾದ ಕಾಂಪ್ಟನ್ ಮೆಕೆಂಜಿ 1883ರಲ್ಲಿ ಹುಟ್ಟಿದವನು. ಸರಿಯಾಗಿ ಈ ಗೀಳಿನ ಬಾಯಿಗೆ ಬಿದ್ದ ವಯಸ್ಸು. ನೃತ್ಯದ ತರಗತಿಗೆ ಅವನನ್ನು ಮಖಮಲ್ಲು ತೊಡಿಸಿ ಕಳಿಸುತ್ತಿದ್ದರು. ಉಳಿದ ಹುಡುಗರ ಅಣಕ ತಾಳಲಾರದೆ, ಒಂದು ದಿನ ದಾರಿಯಲ್ಲಿ ಬೇಕೆಂದೇ ಚರಂಡಿಯಲ್ಲಿ ಬಿದ್ದು ಷರಾಯಿಯನ್ನು ಹರಿದುಕೊಂಡು ಆ ಶಿಕ್ಷೆಯಿಂದ ಪಾರಾದೆನೆಂದು ಅವನು ಮುಪ್ಪಿನಲ್ಲಿ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಎಪ್ಪತ್ತು ವರ್ಷ ಕಳೆದರೂ ಆ ಸಿಟ್ಟು ಆರಿರಲಿಲ್ಲ.

ಫಾಂಟ್ಲೆರಾಯ್ ಎಂಬ ಬೈಗುಳವನ್ನು ಹುಟ್ಟಿಸಿದವರು ಇವರೇ ಎಂದು ನನಗೆ ತೋರುತ್ತದೆ. ವಿಮರ್ಶಕರಲ್ಲ, ಓದುಗರೂ ಅಲ್ಲ. ಓದಿದವರು ತಾಯಂದಿರು, ತೊಟ್ಟವರು ಮಕ್ಕಳು. ಮಗುವಿಗೆ ಪುಸ್ತಕದ ಸೆಡ್ರಿಕ್ಕನ ಪರಿಚಯವಿರಲಿಲ್ಲ. ಕುತ್ತಿಗೆಗೆ ಚುಚ್ಚುವ ಕಾಲರಿನ ಪರಿಚಯವಿತ್ತು. ತೊಟ್ಟವನು ಅದನ್ನು ಶಾಪವಾಗಿ ಆಡಿದ. ತೊಡದೆ ಉಳಿದ ಬೀದಿಯ ಹುಡುಗ ಅದನ್ನು ಕಲ್ಲಾಗಿ ಎಸೆದ. ಇವರೆಲ್ಲ ಬೆಳೆದು ದೊಡ್ಡವರಾಗಿ, ಪತ್ರಿಕೆ ನಡೆಸಿ, ಕಾದಂಬರಿ ಬರೆದಾಗ ಆ ಮಾತು ಅಚ್ಚಿಗೆ ಬಂತು. ಅಲ್ಲಿಂದ ನಿಘಂಟಿಗೆ ಬಂತು. ನಾನು ಕಾಲೇಜಿನಲ್ಲಿ ಓದಿದ ವಿವರಣೆ ಪುಸ್ತಕದ ನಾಯಕನದಲ್ಲ, ಅವನ ದರ್ಜಿಯದು.

ರಂಗಭೂಮಿಯೂ ಇದಕ್ಕೆ ಕೈಗೂಡಿಸಿತು. ಅದರ ಹಿಂದೆ ಒಂದು ಮೊಕದ್ದಮೆಯ ಕಥೆಯಿದೆ. 1888ರಲ್ಲಿ ಸೀಬೋಮ್ ಎಂಬಾತ ಲೇಖಕಿಯ ಒಪ್ಪಿಗೆಯಿಲ್ಲದೆ ಈ ಕಾದಂಬರಿಯನ್ನು ನಾಟಕ ಮಾಡಿ ಲಂಡನ್ನಿನಲ್ಲಿ ಆಡಿಸಿದ. ಕಾದಂಬರಿಯನ್ನು ನಾಟಕವಾಗಿಸುವವನನ್ನು ತಡೆಯುವ ಹಕ್ಕು ಆಗಿನ ಇಂಗ್ಲಿಷ್ ಕಾನೂನಿನಲ್ಲಿ ಕಾದಂಬರಿಕಾರನಿಗೆ ಇರಲಿಲ್ಲ. ಆದರೆ ನಾಟಕದ ಹಸ್ತಪ್ರತಿಗಳನ್ನು ಸಿದ್ಧಪಡಿಸುವಾಗ ಪುಸ್ತಕದ ಭಾಗಗಳನ್ನು ಇದ್ದಕ್ಕಿದ್ದಂತೆ ನಕಲು ಮಾಡಿದ್ದು ಗ್ರಂಥಸ್ವಾಮ್ಯದ ಉಲ್ಲಂಘನೆ ಎಂದು ನ್ಯಾಯಾಲಯ ತೀರ್ಪಿತ್ತಿತು. ಬ್ರಿಟಿಷ್ ಲೇಖಕರು ಸಂತೋಷದಿಂದ ಬರ್ನೆಟ್ಟಳಿಗೆ ವಜ್ರದ ಕಂಕಣ ತೊಡಿಸಿದರು. ಆ ಹಕ್ಕು ನೇರವಾಗಿ ಕಾನೂನಿಗೆ ಸೇರಿದ್ದು 1911ರ ಕಾಯಿದೆಯಲ್ಲಿ. ಅದನ್ನೇ ಕೊಂಚ ಮಾರ್ಪಡಿಸಿ 1914ರಲ್ಲಿ ನಮ್ಮ ದೇಶಕ್ಕೂ ತಂದರು. ಕನ್ನಡ ಕಾದಂಬರಿಕಾರರ ಒಪ್ಪಿಗೆಯನ್ನು ನಾಟಕದವರೂ ಸಿನಿಮಾದವರೂ ಕೇಳಬೇಕಾಗಿ ಬಂದದ್ದರ ಹಿಂದೆ, ದೂರದಲ್ಲಿ, ಈ ಮಖಮಲ್ಲಿನ ಹುಡುಗನೂ ನಿಂತಿದ್ದಾನೆ.

ಬರ್ನೆಟ್ ತಾನೇ ಬರೆದ ನಾಟಕ ಅದೇ ವರ್ಷ ಲಂಡನ್ನಿನಲ್ಲೂ ಅಮೆರಿಕದಲ್ಲೂ ಅಪಾರ ಯಶಸ್ಸನ್ನು ಕಂಡಿತು. ಆದರೆ ನಾಯಕನ ಪಾತ್ರವನ್ನು ಲಂಡನ್ನಿನಲ್ಲಿ ವಹಿಸಿದವಳು ವೆರಾ ಬೆರಿಂಜರ್. ಅಮೆರಿಕದಲ್ಲಿ ಈ ಪಾತ್ರದಿಂದ ಮನೆಮಾತಾದವಳು ಎಲ್ಸಿ ಲೆಸ್ಲಿ. ಇಬ್ಬರೂ ಹುಡುಗಿಯರು! 1921ರ ಮೂಕಿ ಚಿತ್ರದಲ್ಲಿ ಇಪ್ಪತ್ತೊಂಬತ್ತು ವರ್ಷದ ಮೇರಿ ಪಿಕ್‌ಫರ್ಡ್ ಮಗನ ಪಾತ್ರವನ್ನೂ ತಾಯಿಯ ಪಾತ್ರವನ್ನೂ ಒಬ್ಬಳೇ ಮಾಡಿದಳು. ಬೀದಿಯ ಓಟದಲ್ಲಿ ಗೆದ್ದ ಹುಡುಗ ಹೀಗೆ ಎರಡು ತಲೆಮಾರಿನ ಪ್ರೇಕ್ಷಕರ ಕಣ್ಣಿಗೆ ಹೆಣ್ಣಾಗಿಯೇ ಕಂಡ. ‘ಅಮ್ಮನ ಸೆರಗು ಹಿಡಿದವನು’ ಎಂಬ ಅರ್ಥ ಅಂಟಿಕೊಳ್ಳಲು ಇನ್ನೇನು ಬೇಕು?

ಜಪಾನಿನ ಉದಾಹರಣೆಯನ್ನು ಇದರೊಡನೆ ಇಟ್ಟು ನೋಡಬೇಕು. ಅಲ್ಲಿ ವಾಕಮತ್ಸು ಶಿಜುಕೊ ಎಂಬ ಮಹಿಳೆ 1890ರಿಂದ 1892ರವರೆಗೆ ಈ ಕಥೆಯನ್ನು ಅನುವಾದಿಸಿ ಸ್ತ್ರೀಯರ ಪತ್ರಿಕೆಯೊಂದರಲ್ಲಿ ಪ್ರಕಟಿಸಿದಳು. ಅನುವಾದ ‘ಶೋಕೋಶಿ’ ಎಂಬ ಹೆಸರಿನಲ್ಲಿ ಪ್ರಸಿದ್ಧವಾಯಿತು. ಆಡುಮಾತಿಗೆ ಹತ್ತಿರವಾದ ಹೊಸ ಗದ್ಯವನ್ನು ಜಪಾನೀಯರು ಆಗಷ್ಟೆ ರೂಢಿಸಿಕೊಳ್ಳುತ್ತಿದ್ದರು. ಆ ಪ್ರಯತ್ನದ ಒಳ್ಳೆಯ ಮಾದರಿಗಳಲ್ಲಿ ಈ ಅನುವಾದವೂ ಒಂದೆಂದು ಹೇಳುತ್ತಾರೆ. ಶಿಜುಕೊ 1896ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲಿಯೇ, ತೀರಿಕೊಂಡಳು. ಆದರೆ ಅವಳ ಪುಟ್ಟ ಒಡೆಯ ಜಪಾನಿನ ಮಕ್ಕಳ ಮೆಚ್ಚಿನವನಾಗಿ ಉಳಿದ. ಆ ಭಾಷೆಯಲ್ಲಿ ಅವನ ಹೆಸರು ಬೈಗುಳವಾಗಲಿಲ್ಲ. ಪುಸ್ತಕ ಅಲ್ಲಿ ಪುಸ್ತಕವಾಗಿ ಹೋಗಿತ್ತು, ಅಂಗಿಯಾಗಿ ಹೋಗಿರಲಿಲ್ಲ.

ಇನ್ನೊಂದು ವಿಚಿತ್ರವನ್ನು ಹೇಳದೆ ಇರಲಾರೆ. ಇದೇ ಲೇಖಕಿ 1911ರಲ್ಲಿ ‘ದಿ ಸೀಕ್ರೆಟ್ ಗಾರ್ಡನ್’ ಬರೆದಳು. ನನ್ನ ಅಭಿಪ್ರಾಯದಲ್ಲಿ ಇದಕ್ಕಿಂತ ಬಹಳ ದೊಡ್ಡ ಕೃತಿ. ಅದರಲ್ಲಿ ಕಾಲಿನ್ ಎಂಬ ಹುಡುಗನಿದ್ದಾನೆ. ದೊಡ್ಡ ಬಂಗಲೆಯಲ್ಲಿ ಹಾಸಿಗೆ ಹಿಡಿದು ಮಲಗಿ, ಆಳುಗಳ ಮೇಲೆ ಚೀರಿ, ಯಾರೂ ತನಗೆ ಎದುರಾಡದಂತೆ ದರ್ಬಾರು ನಡೆಸುವ ಹುಡುಗ. ಮುದ್ದಿನಿಂದ ಕೆಟ್ಟವನಿಗೆ ಒಂದು ಹೆಸರು ಬೇಕಾಗಿದ್ದರೆ, ಸರ್ವಲಕ್ಷಣಸಂಪನ್ನನಾದ ಕಾಲಿನ್ ಅದೇ ಮನೆಯಲ್ಲಿ ಸಿದ್ಧನಾಗಿದ್ದ. ಯಾರೂ ಅವನನ್ನು ಕೇಳಲಿಲ್ಲ. ಕಾಲಿನ್ನನಂತೆ ಮಕ್ಕಳಿಗೆ ಉಡುಪು ತೊಡಿಸುವ ಆಸೆ ಯಾವ ತಾಯಿಗೂ ಹುಟ್ಟಲಿಲ್ಲ, ಅಷ್ಟೆ.

ಕಥೆಯ ಹುಡುಗನಿಗೆ ಅನ್ಯಾಯವಾದರೆ ಅವನು ನೋಯುವುದಿಲ್ಲ, ಅವನು ಕಾಗದದವನು. ನಿಜವಾದವನು ಒಬ್ಬನಿದ್ದನಲ್ಲ! ಅಣ್ಣ ಲಯನೆಲ್ 1890ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಕ್ಷಯದಿಂದ ಪ್ಯಾರಿಸಿನಲ್ಲಿ ತೀರಿಕೊಂಡ. ಉಳಿದ ವಿವಿಯನ್ ಹಾರ್ವರ್ಡಿನಲ್ಲಿ ಓದಿದ. ಅಲ್ಲಿಯೂ ಆ ಹೆಸರು ಬೆನ್ನು ಬಿಡಲಿಲ್ಲ. ಇಂಗ್ಲೆಂಡಿನ ಮಿಲ್ನ್ ತನ್ನ ಮಗ ಕ್ರಿಸ್ಟಫರ್ ರಾಬಿನ್ನನ ಹೆಸರನ್ನೇ ಕಥೆಗಳಲ್ಲಿಟ್ಟು, ಆ ಹುಡುಗ ಶಾಲೆಯಲ್ಲಿ ಪಟ್ಟ ಪಾಡನ್ನು ಮುಂದೆ 1974ರಲ್ಲಿ ತಾನೇ ಒಂದು ಪುಸ್ತಕವಾಗಿ ಬರೆದ. ವಿವಿಯನ್ನನಿಗೆ ಆ ಸಮಾಧಾನವೂ ಇರಲಿಲ್ಲ. 1924ರಲ್ಲಿ ತಾಯಿ ತೀರಿಕೊಂಡ ಮೇಲೆ, 1927ರಲ್ಲಿ ಆತ ಪುಸ್ತಕ ಬರೆದದ್ದೇನೋ ನಿಜ. ಅದು ತಾಯಿಯ ಜೀವನಚರಿತ್ರೆ. ತನ್ನನ್ನು ಮಖಮಲ್ಲಿನಲ್ಲಿ ಹೊಲಿದಿಟ್ಟ ಕೈಯ ಬಗ್ಗೆ ಆ ಪುಸ್ತಕದಲ್ಲಿ ಹಗೆಯಿಲ್ಲ.

1937ರ ಜುಲೈ ತಿಂಗಳಲ್ಲಿ ನ್ಯೂಯಾರ್ಕಿನ ಬಳಿ, ಲಾಂಗ್ ಐಲೆಂಡಿನ ಕಡಲಿನಲ್ಲಿ ವಿವಿಯನ್ ತನ್ನ ದೋಣಿಯಲ್ಲಿ ಹೋಗುತ್ತಿದ್ದ. ಆತನಿಗೆ ಆಗ ಅರುವತ್ತೊಂದು ವರ್ಷ. ಇನ್ನೊಂದು ಹಾಯಿದೋಣಿ ಮಗುಚಿಕೊಂಡು ಅದರಲ್ಲಿದ್ದವರು ನೀರಿಗೆ ಬಿದ್ದರು. ಆತ ತನ್ನ ದೋಣಿಯನ್ನು ಅತ್ತ ತಿರುಗಿಸಿ, ಅವರನ್ನು ಮೇಲೆತ್ತಿಕೊಳ್ಳಲು ನೆರವಾದ. ಎಲ್ಲರೂ ಉಳಿದರು. ಅದಾದ ಕೆಲವೇ ಹೊತ್ತಿನಲ್ಲಿ ಹೃದಯಾಘಾತದಿಂದ ಆತ ದೋಣಿಯಲ್ಲಿಯೇ ಕುಸಿದು ಪ್ರಾಣ ಬಿಟ್ಟ. ನ್ಯೂಯಾರ್ಕಿನ ಪತ್ರಿಕೆ ಆ ಸುದ್ದಿಗೆ ಕೊಟ್ಟ ತಲೆಬರಹದಲ್ಲಿ ವಿವಿಯನ್ ಎಂಬ ಹೆಸರಿರಲಿಲ್ಲ. ಮೂಲ ಫಾಂಟ್ಲೆರಾಯ್ ದೋಣಿಯಲ್ಲಿ ಸತ್ತನೆಂದಿತ್ತು.